ಚಾವಿಯ ಇನ್ನೊಂದು ಹಿಡಿ

ಬೀದಿಯಂಚಿನ ವಾಲ್ವ್ ಗುಂಡಿಯ ಕಬ್ಬಿಣದ ಮುಚ್ಚಳ ಆಗಲೇ ಪಕ್ಕಕ್ಕೆ ಸರಿದಿದೆ. ಎದೆಯೆತ್ತರದ ಚಾವಿಯನ್ನು ಒಳಗಿಳಿಸಿ, ಅದರ ತಲೆಯ ಮೇಲಿನ ಎರಡು ಹಿಡಿಗಳನ್ನು ಎರಡೂ ಕೈಯಲ್ಲಿ ಹಿಡಿದು, ನೀರಕ್ಕ ಕಾಲು ಸುತ್ತು ತಿರುಗಿಸಿ ನಿಲ್ಲುತ್ತಾರೆ. ಕಿವಿಗೊಡುತ್ತಾರೆ. ನೆಲದಡಿಯ ಕೊಳವೆ ನಿಟ್ಟುಸಿರು ಬಿಡುತ್ತದೆ.

"ಗಾಳಿ ಹೋಗ್ಲಿ, ತಡೀರಿ. ಅವಸರ ಮಾಡಿದ್ರೆ ಮುನಿಸ್ಕೊಳ್ಳುತ್ತೆ" ಎನ್ನುತ್ತಾರೆ ಕೆಲಸ ನೋಡಲು ಬಂದ ನನಗೆ, ಮನೆಯ ಹಿರಿಯರ ಸ್ವಭಾವ ಹೇಳುವಂತೆ. ಆಮೇಲೆ ಇನ್ನೊಂದು ಕಾಲು ಸುತ್ತು.

ಮೂರು ಬೀದಿಗೆ ನೀರು ಬಿಡುವುದು ಇವರ ಕೆಲಸ. ನೀರು ಬಂದಾಗ ಯಾರಿಗೂ ಇವರ ನೆನಪಾಗುವುದಿಲ್ಲ. ಬಾರದ ದಿನ ಇಡೀ ಬೀದಿಗೆ ಇವರ ಮನೆ ಗೊತ್ತು. ಈಗಂತೂ ಚುನಾವಣೆ ಹತ್ತಿರ ಬಂದು, ಇವರು ದೊಡ್ಡ ಮನುಷ್ಯರಾಗಿದ್ದಾರೆ. ಅಧಿಕಾರದಲ್ಲಿರುವವರು ಇವರ ಕೈಯಿಂದ ನೀರಿಗೆ ಬಿಳಿ ಪುಡಿ ಹಾಕಿಸುತ್ತಾರಂತೆ, ಕುಡಿದವರು ಎದುರು ಮಾತಾಡದೆ ಅವರಿಗೇ ಓಟು ಒತ್ತುತ್ತಾರಂತೆ.

"ನಮ್ಮೆಜಮಾನ್ರು ಇಷ್ಟು ವರ್ಷ ಇದೇ ನೀರು ಕುಡ್ದಿದಾರೆ. ಒಂದಿನಾನಾದ್ರೂ ಎದುರು ಮಾತಾಡ್ದೆ ಇದ್ರೆ ಕೇಳಿ!" ನೀರಕ್ಕ ಹೊಟ್ಟೆ ಹಿಡಿದು ನಗುತ್ತಾರೆ.

ಪಂಪು ರಿಪೇರಿಯಾದ ಮೇಲೆ ನೀರು ಬೆಳ್ಳಗೆ ಬಂದದ್ದು ನಿಜ. ಗಾಳಿ ಬೆರೆತ ನೀರು. ಲೋಟದಲ್ಲಿಟ್ಟರೆ ತಳದಿಂದ ತಿಳಿಯಾಗುತ್ತ ಬರುತ್ತದೆ. ಸುದ್ದಿ ಹಬ್ಬಿದ ಮರುದಿನ ಜನ ಗುಂಡಿಯ ಸುತ್ತ ನೆರೆದರು. ಅಷ್ಟು ಕಣ್ಣುಗಳ ಮುಂದೆ ಗಾಳಿ ಹೋಗಲೂ ಬಿಡದೆ, ನೀರಕ್ಕ ಚಾವಿಯನ್ನು ಒಂದೇ ಉಸಿರಿಗೆ ತಿರುಗಿಸಿಬಿಟ್ಟರು. ನಲ್ಲಿಗಳಲ್ಲಿ ಹಾಲು! ಎಲ್ಲರೆದುರು ಒಂದು ಲೋಟ ಗಟಗಟ ಕುಡಿದು ತೋರಿಸಿದರು. "ಇವಳಿಗೆ ಮೊದಲೇ ಮದ್ದು ಕೊಟ್ಟಿರ್ತಾರೆ" ಎಂದರು ಜನ.

ಅದೆಲ್ಲ ನಗುವ ಮಾತು. ನಗಲಾಗದ್ದು ಒಂದೇ: ಅವತ್ತಿನಿಂದ ಇವರ ಸ್ವಂತ ಅಕ್ಕ ನಲ್ಲಿ ನೀರು ಮುಟ್ಟಿಲ್ಲ. ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಕ್ಕ, ಮಂಡಿನೋವು ಕಟ್ಟಿಕೊಂಡು ದೂರದ ಬಾವಿಯಿಂದ ನೀರು ಹೊರುತ್ತಾರೆ. ತಂಗಿಯ ಮನೆಯಲ್ಲಿ ಚಹಾ ಕುಡಿಯುವುದೂ ನಿಂತಿದೆ.

ನಾವು ಮಾತಾಡುತ್ತಿರುವಾಗಲೇ ಕೊಡ ಹೊತ್ತ ಅಕ್ಕ ಎದುರಾಗುತ್ತಾರೆ.

"ಏನೇ ಸರ್ಕಾರದವಳೇ, ಇವತ್ತೇನು ಬೆರೆಸ್ದೆ?"

"ನಿನ್ನ ತಲೇನ. ಅದಕ್ಕೇ ಅಷ್ಟೊಂದು ನೊರೆ!"

ಇಬ್ಬರೂ ನಗುತ್ತಾರೆ. ಆದರೆ ಅಕ್ಕ ಕೊಡ ಇಳಿಸುವುದಿಲ್ಲ. ಪುಡಿಯ ಮಾತು ನಂಬುತ್ತೀರಾ ಎಂದು ನಾನು ಕೇಳಿದರೆ, ನನ್ನನ್ನೇ ದಿಟ್ಟಿಸುತ್ತಾರೆ. "ನೋಡಮ್ಮ, ಈ ಸರ್ಕಾರದವರು ಹೇಳ್ದೆ ನೀರು ನಿಲ್ಸಿದಾರೆ, ಹೇಳ್ದೆ ಬೀದಿ ಅಗೆದಿದಾರೆ. ಹೇಳ್ದೆ ಏನೂ ಬೆರೆಸಲ್ಲ ಅಂತ ಯಾವ ಧೈರ್ಯದ ಮೇಲೆ ನಂಬ್ಲಿ?"

ಅವರು ಹೋದ ಮೇಲೆ ನೀರಕ್ಕ ಚಾವಿ ಮೇಲೆತ್ತಿ, ಗುಂಡಿಯ ಮುಚ್ಚಳ ಎಳೆಯುತ್ತಾರೆ. "ದಾರದ ಅಂಗಡಿಯವಳು ಅಕ್ಕನ ಪಕ್ಕ ಕೂತು, ಕೈ ಹಿಡ್ಕೊಂಡು ಪುಡಿ ವಿಷ್ಯ ಹೇಳಿದ್ಲಂತೆ, 'ನಿನ್ನ ಮೇಲಿನ ಪ್ರೀತಿಗೆ ಹೇಳ್ತಿದೀನಿ' ಅಂತ. ನಾನೋ, ಬೀದಿ ಮಧ್ಯೆ ನಿಂತು, ನಿನಗೆ ಬುದ್ಧಿ ಇಲ್ವಾ ಅಂತ ಕೂಗಾಡ್ದೆ. ನೀವಾಗಿದ್ರೆ ಯಾರನ್ನ ನಂಬ್ತಿದ್ರಿ ಹೇಳಿ?"



ಬಿಸಿಲು ಏರಿದೆ. ಮನೆಯ ಹಿತ್ತಲಿನಲ್ಲಿ ಬಟ್ಟೆ ಒಣಹಾಕಿ, ನೀರಕ್ಕ ಚಾವಿಯನ್ನು ಗೋಡೆಗೆ ಒರಗಿಸುತ್ತಾರೆ. ಅದರ ಹಿಡಿಗಳು ಒರಟು. ಇವರ ಅಂಗೈಗೆ ಅದು ತಿಳಿಯುವುದೇ ಇಲ್ಲ; ಅಕ್ಕನ ಹೊಲಿಗೆಯ ಕೈಗಾದರೆ ಚುಚ್ಚೀತು. ಅಕ್ಕ ಯಾವಾಗಲೋ ಕೊಟ್ಟಿದ್ದ ಚೂರುಬಟ್ಟೆಗಳ ಗಂಟು ಬಿಚ್ಚಿ, ಮೆತ್ತನೆಯದೊಂದನ್ನು ಆರಿಸಿ, ಒಂದೇ ಒಂದು ಹಿಡಿಗೆ ಬಿಗಿಯಾಗಿ ಸುತ್ತಿ, ದಾರ ಕಟ್ಟುತ್ತಾರೆ. ತಮ್ಮ ಕಡೆಯ ಹಿಡಿ ಬರಿದಾಗಿಯೇ ಇದೆ.

"ಅದ್ಯಾಕೆ?" ಎನ್ನುತ್ತೇನೆ.

"ಸುಮ್ನೆ" ಎಂದು ಹಲ್ಲಿನಿಂದ ದಾರ ಕಡಿದು, ನಗುತ್ತಾರೆ.