ಜಾರದ ಮೆಟ್ಟಿಲು

ಎಲ್ಲರೂ ಅವನನ್ನು ಒರಟಣ್ಣ ಎನ್ನುತ್ತಿದ್ದರು. ಮಾತು ಮೆತ್ತಗೆ, ನಡೆ ಮೆತ್ತಗೆ. ಒರಟಾಗಿದ್ದದ್ದು ಕಸುಬು ಮಾತ್ರ. ಪ್ಲಾಸ್ಟಿಕ್ ಸಾಮಾನು ತೆಗೆಯುವ ಉಕ್ಕಿನ ಅಚ್ಚುಗಳನ್ನು ಉಳಿದ ಕೆಲಸಗಾರರು ಕನ್ನಡಿಯ ಹಾಗೆ ಉಜ್ಜಿ ಹೊಳೆಸಿದರೆ, ಇವನು ಅದೇ ಅಚ್ಚಿನ ಒಳಮೈಯನ್ನು ಆಮ್ಲದಿಂದ ತಿನ್ನಿಸಿ ಸಣ್ಣ ತರಿ ಎಬ್ಬಿಸುತ್ತಿದ್ದ. ಅಚ್ಚಿನಲ್ಲಿ ಏನಿದೆಯೋ ಅದೇ ಪ್ಲಾಸ್ಟಿಕ್ಕಿಗೆ ಬರುತ್ತದೆ. ಬಕೆಟ್ಟಿನ ಹಿಡಿ, ಊರುಗೋಲಿನ ತಲೆ, ಬಚ್ಚಲಿನ ಚಾಪೆ, ಒದ್ದೆ ಕೈಯಿಂದ ಜಾರದ ಯಾವುದೇ ಸಾಮಾನಿನ ಹಿಂದೆ ಇಂಥವನೊಬ್ಬ ಇರುತ್ತಾನೆ. ಸುಣ್ಣ ಬಳಿದವನ ಹಾಗೆ ಬಿರಿದ ಅವನ ಅಂಗೈ ನೋಡಿ ಅಕ್ಕ ನಗುತ್ತಿದ್ದಳು. "ನಿನ್ನ ಕೈಗೆ ತೆಂಗಿನಕಾಯಿ ಕೊಟ್ರೆ ತುರಿಯೋ ಮಣೆ ಬೇಡ."

ಹೆತ್ತವರು ಹೋದಮೇಲೆ ಅವನನ್ನು ಸಾಕಿದವಳು ಅಕ್ಕ. ಅವನ ಕೆಲಸಕ್ಕೆ ಕೊನೆಯ ಮುದ್ರೆ ಬೀಳುತ್ತಿದ್ದದ್ದೂ ಅವಳಿಂದಲೇ. ಹೊಸ ಅಚ್ಚಿನ ಮೊದಲ ಸಾಮಾನು ಕಾರ್ಖಾನೆಯಿಂದ ಮನೆಗೆ ಬರುತ್ತಿತ್ತು. ಅಕ್ಕ ಅದನ್ನು ಬಚ್ಚಲಿನಲ್ಲಿಟ್ಟು, ನೀರು ಸುರಿದು, ಗೋಡೆಗೆ ಕೈಕೊಟ್ಟು, ಅದರ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದಳು. "ಹಿಡಿಯತ್ತೆ ಕಣೋ" ಅಂದರೆ ಸರಿ. ಕಾರ್ಖಾನೆಯ ಯಜಮಾನ ಕೂಡ "ಅಕ್ಕ ಪಾಸ್ ಮಾಡಿದ್ರಾ?" ಎಂದು ಕೇಳಿಯೇ ಮಾಲು ಕಳಿಸುತ್ತಿದ್ದ.

ಆ ವರ್ಷ ವಯಸ್ಸಾದವರ ಆಸ್ಪತ್ರೆಯೊಂದರಿಂದ ಬೇಡಿಕೆ ಬಂತು. ಸ್ನಾನದ ತೊಟ್ಟಿಯ ಅಂಚು ದಾಟಲು ಪಕ್ಕದಲ್ಲಿಡುವ ಕಾಲುಮೆಟ್ಟಿಲು ಬೇಕು, ಜಾರಲೇಬಾರದು. ಒರಟಣ್ಣ ಹುರುಪಿನಿಂದ ತರಿಯನ್ನು ಎಂದಿಗಿಂತ ಆಳಕ್ಕೆ ಇಳಿಸಿದ. ಆಳ ಹೆಚ್ಚಾಯಿತು. ಪ್ಲಾಸ್ಟಿಕ್ಕು ಅಚ್ಚನ್ನು ಕಚ್ಚಿಕೊಂಡು ಹೊರಗೆ ಬರಲೇ ಇಲ್ಲ. ಬಂದದ್ದೂ ಮೂಲೆ ಹರಿದುಕೊಂಡು ಬಂತು.

"ಅಣ್ಣ, ನಿನ್ನ ಅಚ್ಚು ಹೆತ್ತ ಮಗೂನ ಕೈಬಿಡಲ್ಲ ಅಂತಿದೆ" ಎಂದ ಮಷಿನ್ ನಡೆಸುವವನು.

ಅಚ್ಚನ್ನು ಬಿಚ್ಚಿಸಿ, ತರಿಯನ್ನು ಉಜ್ಜಿ ತಗ್ಗಿಸುವುದು ಸರಿಯಾದ ದಾರಿ. ಆದರೆ ಹಾಗೆ ಮಾಡಿದರೆ ಒರಟಣ್ಣ ತಪ್ಪಿದ ಎಂದು ಊರಿಗೆಲ್ಲ ಡಂಗುರ. ಅವನು ತಲೆ ಕೆರೆದುಕೊಂಡು, "ಆಗೀಗ ಒಂಚೂರು ಸ್ಪ್ರೇ ಹೊಡಿ" ಎಂದ. ಅಚ್ಚಿಗೆ ಅಂಟದಿರಲಿ ಎಂದು ಹೊಡೆಯುವ ಎಣ್ಣೆಯಂಥ ದ್ರವ ಅದು. ಸಾಮಾನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಮೊದಲನೆಯದನ್ನು ಅಕ್ಕ ಒದ್ದೆಗಾಲಲ್ಲಿ ಹತ್ತಿ, ಇಳಿದು, ಮತ್ತೆ ಹತ್ತಿ, "ಇದು ಬಂಡೆ ಕಣೋ" ಎಂದಳು. ಲಾರಿ ತುಂಬಿತು.

ಮಾಲು ಹೋದ ಮೇಲೊಂದು ಮಧ್ಯಾಹ್ನ ಅವನು ಬೇರೆ ಕೆಲಸಕ್ಕೆ ಕಾರ್ಖಾನೆಗೆ ಹೋದ. ಮಿಕ್ಕ ಮೆಟ್ಟಿಲುಗಳನ್ನು ತಣ್ಣೀರಿನ ಕೊಳವೆಯ ಕೆಳಗೆ ಪೇರಿಸಿಟ್ಟಿದ್ದರು. ಕೊಳವೆ ತೊಟ್ಟಿಕ್ಕುತ್ತಿತ್ತು. ನೀರು ತರಿಯೊಳಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಕೆಸುವಿನೆಲೆಯ ಮೇಲಿನ ಹಾಗೆ ಗುಂಡಗೆ ನಿಂತು, ಸರಸರ ಉರುಳಿ ಹೋಗುತ್ತಿತ್ತು. ಒರಟಣ್ಣ ಚಪ್ಪಲಿ ಬಿಟ್ಟು ಒಂದು ಕಾಲಿಟ್ಟ. ಕಾಲು ಅವನ ಅಪ್ಪಣೆ ಕೇಳಲಿಲ್ಲ. ಪಕ್ಕದ ಕಂಬ ಸಿಕ್ಕಿದ್ದಕ್ಕೆ ಉಳಿದ.

"ಸ್ಪ್ರೇ ಎಷ್ಟು ಹೊಡೀತಿದ್ದೆ?" ಎಂದು ಮಷಿನ್ ನಡೆಸುವವನನ್ನು ಕೇಳಿದ.

"ನೀನೇ ಹೇಳಿದ್ಯಲ್ಲಣ್ಣ. ಆಗೀಗ ಹೊಡೆದ್ರೆ ಅಂಟ್ಕೊಳ್ತಿತ್ತು, ಅದಕ್ಕೆ ಒಂದೊಂದಕ್ಕೂ ಒಂಚೂರು."

ಹಾಗಾದರೆ ಅಕ್ಕ ನಿಂತದ್ದು ಹೇಗೆ? ಯೋಚಿಸುತ್ತ ನಿಂತವನಿಗೆ ಅವಳ ಬಚ್ಚಲು ನೆನಪಾಯಿತು. ಹೊರಗಿನಿಂದ ಬಂದ ಯಾವ ವಸ್ತುವನ್ನೂ ಅಕ್ಕ ತೊಳೆಯದೆ ಮುಟ್ಟುವವಳಲ್ಲ. ಕಾರ್ಖಾನೆಯ ವಾಸನೆ ಆಗದು ಎಂದು ಸೋಪಿನ ಪುಡಿ ಹಾಕಿ, ನಾರಿನಿಂದ ಗಸಗಸ ತಿಕ್ಕಿ, ಆಮೇಲೆ ಕಾಲಿಡುತ್ತಿದ್ದಳು. ಇಷ್ಟು ವರ್ಷ ಅವಳು ಪಾಸು ಮಾಡಿದ್ದು ತೊಳೆದ ಸಾಮಾನನ್ನು. ಆಸ್ಪತ್ರೆಗೆ ಹೋದದ್ದು ತೊಳೆಯದ್ದು.

ವಿಷಯ ಕೇಳಿ ಯಜಮಾನ ನಕ್ಕ. "ಏನಯ್ಯ, ಸ್ನಾನದ ಮೆಟ್ಟಿಲಿಗೇ ಸ್ನಾನ ಮಾಡಿಸ್ಬೇಕಾ? ನಾಳೆ ಫೋನ್ ಮಾಡಿಸ್ತೀನಿ ಬಿಡು."

"ಅಲ್ಲಿ ಸ್ನಾನ ದಿನಾ ಇರತ್ತಲ್ಲ ಸಾರ್."

"ಇಷ್ಟು ದಿನ ಯಾರಾದ್ರೂ ಬಿದ್ರಾ?"

ಒರಟಣ್ಣ ಆಸ್ಪತ್ರೆಗೆ ತಾನೇ ಫೋನು ಹಚ್ಚಿದ. ಮೆಟ್ಟಿಲುಗಳು ಆ ಬೆಳಿಗ್ಗೆಯಷ್ಟೇ ಉಗ್ರಾಣದಿಂದ ಹೊರಬಂದಿವೆ ಎಂದು ಯಾರೋ ಹೇಳಿದರು. ಈಗ ಸ್ನಾನದ ಹೊತ್ತು, ಆಮೇಲೆ ಮಾಡಿ ಎಂದು ಇಟ್ಟುಬಿಟ್ಟರು. ಅವನು ಚಪ್ಪಲಿ ಮೆಟ್ಟಿಕೊಂಡು ಓಡಿದ.

ವಾರ್ಡಿನ ಕಾರಿಡಾರು ಸ್ವಚ್ಛವಾಗಿತ್ತು, ಬಿಸಿನೀರಿನ ಹಬೆಯಿಂದ ಮಬ್ಬಾಗಿತ್ತು. ಒಂದು ಬದಿಗೆ ಸಾಲಾಗಿ ಬಚ್ಚಲ ಬಾಗಿಲುಗಳು. ಬೆಂಚಿನ ಮೇಲೆ ಮುದುಕರು ಟವೆಲು ಹೊದ್ದು ಸರದಿಗೆ ಕಾಯುತ್ತಿದ್ದರು.

ನರ್ಸಮ್ಮ ಅಡ್ಡ ಬಂದಳು. "ಯಾರ ಕಡೆಯವರು ನೀವು?"

"ಮೆಟ್ಟಿಲಿನ ಕಡೆಯವನು."

"ಏನು?"

"ಆ ಮೆಟ್ಟಿಲು ಮಾಡಿದವನು ನಾನು. ಜಾರತ್ತೆ. ಎಲ್ಲಾನೂ ಹೊರಗೆ ತೆಗೀಬೇಕು, ಈಗಲೇ."

ಅವಳು ಅವನ ಮುಖವನ್ನೂ ಕೈಗಳನ್ನೂ ನೋಡಿದಳು. ಇಬ್ಬರೂ ಒಂದೊಂದು ಬಚ್ಚಲು ಹೊಕ್ಕು ಮೆಟ್ಟಿಲುಗಳನ್ನು ಹೊರಗೆ ಎಳೆದರು. ಸಾಲಿನ ಕೊನೆಯ ಬಾಗಿಲು ಮಾತ್ರ ಮುಚ್ಚಿತ್ತು. ಒಳಗೆ ನೀರಿನ ಸದ್ದು. ನರ್ಸಮ್ಮ ಇನ್ನೂ ಪಕ್ಕದ ಬಚ್ಚಲಿನಲ್ಲಿದ್ದಳು. ಒರಟಣ್ಣ ಎರಡೂ ಕೈಯಿಂದ ಕದ ಬಡಿದ, ಬಿಡದೆ ಬಡಿದ.

"ಬಡೀಬೇಡಿ!" ನರ್ಸಮ್ಮ ಓಡಿ ಬಂದಳು. "ಅಜ್ಜಿಗೆ ಮಾತು ಕೇಳ್ಸಲ್ಲ, ಕದ ಅದುರೋದು ಮಾತ್ರ ಗೊತ್ತಾಗತ್ತೆ. ಇಲ್ಲಿ ಕದ ತಟ್ಟಿದ್ರೆ ಹೊತ್ತಾಯ್ತು, ಬೇಗ ಬನ್ನಿ ಅಂತ ಅರ್ಥ."

ಅವನ ಕೈ ಕದದ ಮೇಲೇ ನಿಂತಿತು.

"ಬಂದೆ, ಬಂದೆ" ಎಂದಿತು ಒಳಗಿನಿಂದ ಮುದಿ ದನಿ, ಸಿಡುಕಿನಲ್ಲಿ. "ನೆಮ್ಮದಿಯಾಗಿ ಮೀಯೋಕೂ ಬಿಡಲ್ಲ ಈ ಜನ."

ತೊಟ್ಟಿಯ ನೀರು ಕಲಕಿತು. ಮೈ ಮೇಲೆದ್ದಾಗ ನೀರು ಸುರಿಯುವ ಸದ್ದು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪ್ಲಾಸ್ಟಿಕ್ಕು ನೆಲವನ್ನು ಕೆರೆದ ಸದ್ದು, ಅದರ ಹಿಂದೆಯೇ ಇನ್ನೊಂದು, ಭಾರವಾದದ್ದು.

ಚಿಲಕ ಮುರಿದು ಒಳಗೆ ಹೋದಾಗ ಅಜ್ಜಿ ಒಂದು ಮಗ್ಗುಲಾಗಿ ಬಿದ್ದಿದ್ದಳು. ಕಣ್ಣು ತೆರೆದಿತ್ತು. ಒಂದು ಕಾಲು ಇರಬಾರದ ದಿಕ್ಕಿನಲ್ಲಿತ್ತು. ನರ್ಸಮ್ಮ ಟವೆಲು ಹೊದಿಸಿ, ಸ್ಟ್ರೆಚರಿಗೆ ಕೂಗುತ್ತ ಹೊರಗೆ ಓಡಿದಳು. ಒರಟಣ್ಣ ಮಂಡಿಯೂರಿ ಅಜ್ಜಿಯ ತಲೆಯ ಕೆಳಗೆ ತನ್ನ ಅಂಗೈ ಇಟ್ಟ.

ಅಜ್ಜಿ ಅವನನ್ನೇ ನೋಡಿದಳು. ನೋವಿಗಿಂತ ಹೆಚ್ಚಾಗಿ ಅವಳ ಮುಖದಲ್ಲಿ ಬೆರಗಿತ್ತು.

"ಅಷ್ಟು ಜೋರಾಗಿ ಕದ ಬಡಿದಿದ್ದು ಯಾರಪ್ಪ?"

ಅವನು ತುಟಿ ಅವಳಿಗೆ ಕಾಣುವಂತೆ ಬಗ್ಗಿದ.

"ನಾನಮ್ಮ" ಎಂದ. "ಮೆಟ್ಟಿಲೂ ನಂದೇ."