ನನ್ನ ಕೋಣೆ, ಜೀನ್‌ಳ ಹುಲ್ಲುಗಾವಲು

ಧಾರವಾಡದ ನಮ್ಮ ಮನೆಗೆ ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಬಂದ ದಿನ ಹಂಡೆ, ಕೊಡ, ಬಕೆಟ್ಟು, ಕಡೆಗೆ ಚಹಾದ ಪಾತೇಲಿಯನ್ನೂ ತುಂಬಿಸಿಟ್ಟುಕೊಳ್ಳುತ್ತಿದ್ದೆವು. ಅಂಥ ಊರಿನಿಂದ ಲಂಡನ್ನಿನ ಅಂಚಿನ ಹ್ಯಾರೋಗೆ ಬಂದ ಮೊದಲ ಚಳಿಗಾಲದಲ್ಲೇ ಕೌನ್ಸಿಲ್‌ನಿಂದ ಒಂದು ಕಾಗದ ಬಂತು. ನಿಮ್ಮ ಮನೆಯೊಳಗೆ ನೀರು ನುಗ್ಗಬಹುದು, ಬೇಕಾದ ಸಾಮಾನನ್ನು ಮಹಡಿಗೆ ಸಾಗಿಸಿಕೊಳ್ಳಿರಿ ಎಂದು ಬಲು ಪೊಲೈಟ್ ಆಗಿ ಬರೆದಿದ್ದರು. ನಾನು ನಕ್ಕೆ. ಮಗಳು ಸುನೀತಾ ನಗಲಿಲ್ಲ.

"ಅವ್ವಾ, ಜೋಕ್ ಅಲ್ಲ ಇದು. ನಿನ್ನ ರೂಮೇ ಎಲ್ಲಾದಕ್ಕಿಂತ ತೆಳಗ ಐತಿ," ಎಂದಳು.

ನನ್ನ ಕೋಣೆ ಮನೆಯ ಹಿಂಭಾಗದಲ್ಲಿದೆ. ನನ್ನ ಮಂಡಿನೋವು ನೋಡಿ ಅಳಿಯ ಒಂದೂ ಮೆಟ್ಟಿಲಿಲ್ಲದಂತೆ ಕಟ್ಟಿಸಿದ್ದು. ಬಾಗಿಲು ತೆಗೆದರೆ ಗಾರ್ಡನ್, ಬೇಲಿಯಾಚೆ ಹಳ್ಳ. ಇಲ್ಲಿಯವರು ಅದಕ್ಕೆ ಬ್ರುಕ್ ಎನ್ನುತ್ತಾರೆ. ಬೇಸಿಗೆಯಲ್ಲಿ ಪಾದ ಮುಳುಗದಷ್ಟು ನೀರು, ನಮ್ಮ ಕಡೆಯ ಹಳ್ಳದ ಹಾಗೆಯೇ.

ಈ ಊರನ್ನು ನಾನು ಆ ಬಾಗಿಲಲ್ಲಿ ಕೂತೇ ಕಲಿತೆ. ಜೋಳದ ಹಿಟ್ಟು, ಮೆಂತ್ಯೆ ಸೊಪ್ಪು ಎರಡು ಬಸ್ ಸ್ಟಾಪ್ ಆಚೆ ಸಿಗುತ್ತಿದ್ದವು, ಅದಕ್ಕೇನೂ ಕೊರತೆ ಇರಲಿಲ್ಲ. ಮಾತಿಗೆ ಇತ್ತು. ಧಾರವಾಡದಲ್ಲಿ ಕಾಯಿಪಲ್ಲೆ ಮಾರುವವಳೂ ಬಿ.ಪಿ. ಎಷ್ಟಿದೆ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು. ಇಲ್ಲಿ ಎಡಪಕ್ಕದ ಮನೆಯವನ ಎರಡೂ ನಾಯಿಗಳ ಹೆಸರು ಗೊತ್ತಾಗಿ ಒಂದು ವರ್ಷದ ಮೇಲೆ ಅವನ ಹೆಸರು ಡೆರೆಕ್ ಎಂದು ತಿಳಿಯಿತು. ಕಾನ್ವೆಂಟಿನ ನನ್‌ಗಳು ಬೆತ್ತ ಹಿಡಿದು ಕಲಿಸಿದ ನನ್ನ ಇಂಗ್ಲಿಷು ಹೊರಗೆ ಬರಲು ದಾರಿಯಿಲ್ಲದೆ ಬಾಯಲ್ಲೇ ಉಳಿಯಿತು.

ಮೂರನೆಯ ಚಳಿಗಾಲ ಹಳ್ಳ ಬೇಲಿ ದಾಟಿತು. ನನ್ನ ಹೊಸ್ತಿಲಿಗೆ ನಾಲ್ಕು ಬೆರಳಷ್ಟು ಕೆಳಗೆ ಬಂದು ನಿಂತು, ಮಧ್ಯಾಹ್ನದ ಹೊತ್ತಿಗೆ ಹಿಂದೆ ಸರಿಯಿತು. ಆ ವಾರವೇ ಸುನೀತಾ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು.

"ಇಲ್ಫರ್ಡ್‌ನ್ಯಾಗ ಫ್ಲ್ಯಾಟ್ ನೋಡೀನಿ. ಏಳನೇ ಫ್ಲೋರು, ಲಿಫ್ಟ್ ಐತಿ. ಇನ್ನೊಮ್ಮೆ ಹಳ್ಳ ಬಂದ್ರ ಈ ಮನಿ ಮಾರೂದ."

ಇಲ್ಫರ್ಡ್ ಲಂಡನ್ನಿನ ಇನ್ನೊಂದು ತುದಿ. ಅವಳದೇನೂ ತಪ್ಪಿಲ್ಲ. ಆದರೆ ಅರವತ್ತೆಂಟಕ್ಕೆ ಒಂದು ಊರು ಬಿಟ್ಟು ಬಂದವಳಿಗೆ ಎಪ್ಪತ್ತೊಂದಕ್ಕೆ ಮತ್ತೊಂದು ಬಿಡು ಎಂದರೆ ಹೇಗಾಗಬೇಡ? ಏಳನೆಯ ಮಹಡಿಯಲ್ಲಿ ಯಾವ ಬಾಗಿಲಲ್ಲಿ ಕೂತುಕೊಳ್ಳಲಿ?

ಇಲ್ಲಿಯ ವ್ಯವಸ್ಥೆ ಸ್ವಲ್ಪ ಹೇಳಬೇಕು. ನಮ್ಮ ಬೀದಿ ಲಂಡನ್ನಿಗೆ ಸೇರಿದ್ದು, ಅದನ್ನು ನೋಡಿಕೊಳ್ಳುವುದು ಬರೋ, ಅಂದರೆ ನಮ್ಮ ನಗರಸಭೆಯಂಥದ್ದು. ಎರಡು ಮೈಲಿ ಮೇಲೆ ಹಳ್ಳ ಹುಟ್ಟುವ ಹೊಲಗಳು ಕೌಂಟಿಯವು. ಕೌಂಟಿ ನಮ್ಮ ಜಿಲ್ಲಾ ಪಂಚಾಯಿತಿಯ ಹಾಗೆ. ನೀರಿಗೆ ಈ ಗಡಿ ಗೊತ್ತಿಲ್ಲ. ಕೊನೆಗೆ ಎರಡೂ ಆಫೀಸಿನವರು ಕೂಡಿ ಒಂದು ಪ್ಲ್ಯಾನ್ ಮಾಡಿದರು. ರಾಯ್ ಎಂಬ ರೈತನ ಹುಲ್ಲುಗಾವಲಿನಲ್ಲಿ ಮೊಳಕಾಲೆತ್ತರದ ಒಡ್ಡು ಹಾಕುವುದು. ಜೋರು ಮಳೆಗೆ ನೀರು ಅಲ್ಲಿಯೇ ಹರಡಿ ನಿಲ್ಲುತ್ತದೆ, ಬೀದಿ ಉಳಿಯುತ್ತದೆ. ಆದರೆ ರಾಯ್ ಒಪ್ಪಬೇಕು. ಅವನು ಒಲ್ಲೆ ಎಂದಿದ್ದ.

ರಾಯ್‌ನ ಹಳ್ಳಿಯ ಹಾಲ್‌ನಲ್ಲಿ ಮೀಟಿಂಗ್ ಕರೆದರು. ಸುನೀತಾ ಕಾರು ನಿಲ್ಲಿಸಿ ಬರುವಷ್ಟರಲ್ಲಿ ನಾನು ಒಳಗೆ ಹೋದೆ. ನಡುವೆ ದಾರಿ, ಎರಡು ಬದಿ ಕುರ್ಚಿಗಳು. ಎಡಕ್ಕೆ ಮುಂದಿನ ಸಾಲಿನಲ್ಲಿ ನಾಲ್ಕೈದು ಹೆಂಗಸರು ಕೂತಿದ್ದರು. ನಮ್ಮಲ್ಲಿ ಯಾವ ಸಭೆಗೆ ಹೋದರೂ ಹೆಂಗಸರು ಒಂದು ಕಡೆ ತಾನೇ? ಯೋಚನೆಯೇ ಮಾಡದೆ ಹೋಗಿ ಅವರ ಪಕ್ಕದಲ್ಲಿ ಕೂತೆ. ಆಮೇಲೆ ನೋಡಿದರೆ ಡೆರೆಕ್ ಮತ್ತು ನಮ್ಮ ಬೀದಿಯವರೆಲ್ಲ ಬಲಕ್ಕಿದ್ದರು. ನಾನು ಹಳ್ಳಿಯವರ ಬದಿಗೆ ಸೇರಿಬಿಟ್ಟಿದ್ದೆ. ಮೀಟಿಂಗ್ ಶುರುವಾಗಿತ್ತು, ಎದ್ದು ಹೋದರೆ ರೂಡ್ ಆಗುತ್ತದೆಂದು ಅಲ್ಲೇ ಉಳಿದೆ.

ಡೆರೆಕ್ ಎದ್ದು, "ರಾಯ್ ತನ್ನ ಹೊಲದ ಕಾಲುವೆಯ ಹೂಳು ತೆಗೆದಿದ್ದರೆ ಇದೆಲ್ಲ ಯಾಕೆ ಬರುತ್ತಿತ್ತು?" ಎಂದ.

ರಾಯ್ ಕೈಕಟ್ಟಿಕೊಂಡೇ, "ಹಳ್ಳದ ದಂಡೆಗೆ ಮನೆ ಕೊಳ್ಳಿರಿ ಎಂದು ನಿಮಗೆ ನಾನು ಹೇಳಿದ್ದೆನೇನು?" ಎಂದ.

ಮುಕ್ಕಾಲು ಗಂಟೆ ಇದೇ ನಡೆಯಿತು. ನನ್ನ ಪಕ್ಕದಲ್ಲಿದ್ದವಳು ಗುಂಗುರು ಕೂದಲಿನ, ನನ್ನದೇ ವಯಸ್ಸಿನ ಹೆಂಗಸು. ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು, "ನೀರಿನದಲ್ಲ ಕಣೇ ಚಿಂತೆ. ನೀರು ನಿಂತ ಹುಲ್ಲು ಕೊಳೆಯುತ್ತದೆ. ಮಾರ್ಚ್‌ನಲ್ಲಿ ಮರಿ ಹಾಕಿದ ಕುರಿಗಳಿಗೆ ಆರು ವಾರ ಮೇಯಲು ಜಾಗ ಇರುವುದಿಲ್ಲ. ನಮ್ಮ ಯಜಮಾನ ಸತ್ತರೂ ಅದನ್ನು ಬಾಯಿಬಿಟ್ಟು ಹೇಳುವವನಲ್ಲ. ಬೇಡಿದ ಹಾಗೆ ಆಗುತ್ತದಂತೆ."

ಅವಳೇ ರಾಯ್‌ನ ಹೆಂಡತಿ ಜೀನ್. ನನ್ನನ್ನು ಹಳ್ಳಿಗೆ ಹೊಸದಾಗಿ ಬಂದವಳು ಎಂದುಕೊಂಡಿದ್ದಳು.

ನಮ್ಮ ಬೀದಿಯ ತುದಿಯಲ್ಲಿ ಬರೋಗೆ ಸೇರಿದ ದೊಡ್ಡ ಹುಲ್ಲಿನ ಬಯಲಿದೆ. ಅದನ್ನು ಮಷೀನ್ ತಂದು ಕತ್ತರಿಸುತ್ತಾರೆ, ಕತ್ತರಿಸಿದ ಹುಲ್ಲನ್ನು ಲಾರಿಯಲ್ಲಿ ಹೇರಿಕೊಂಡು ಹೋಗುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಈಗ ಎದ್ದು ನಿಂತೆ. ಜೀನ್ ನನ್ನ ಶಾಲು ಹಿಡಿದು ಎಳೆದಳು. ಅವಳು ನಂಬಿ ಹೇಳಿದ್ದನ್ನು ನಾಲ್ಕು ಜನರ ಮುಂದೆ ಆಡಬಾರದಿತ್ತು, ಅದು ಆಗಲೂ ಗೊತ್ತಿತ್ತು. ಆದರೂ ಕೇಳಿಯೇಬಿಟ್ಟೆ. ನಮ್ಮ ನೀರನ್ನು ಇವರ ಹುಲ್ಲುಗಾವಲು ಇಟ್ಟುಕೊಂಡರೆ, ಇವರ ಕುರಿಗಳನ್ನು ನಮ್ಮ ಬಯಲು ಆರು ವಾರ ಯಾಕೆ ಇಟ್ಟುಕೊಳ್ಳಬಾರದು?

ಕೌಂಟಿಯ ಆಫೀಸರ್ ಪೆನ್ನು ಎತ್ತಿ, "ಮೇಡಂ, ನೀವು ಯಾವ ಫಾರ್ಮ್‌ನವರು?" ಎಂದ.

"ಫಾರ್ಮ್ ಇಲ್ಲ. ನಾನು ಆ ಕಡೆಯವಳು," ಎಂದು ಬಲಬದಿಗೆ ಕೈ ತೋರಿಸಿದೆ.

ಎರಡೂ ಬದಿಯವರು ನಕ್ಕರು. ಜೀನ್ ನಗಲಿಲ್ಲ. "ಮೊದಲೇ ಹೇಳಬಹುದಿತ್ತು," ಎಂದಳು. ರಾಯ್ ಕಟ್ಟಿದ ಕೈ ಬಿಚ್ಚಿದ. ನಂತರ ಒಂದೇ ಮಾತು ಕೇಳಿದ, "ಅಲ್ಲಿ ನಾಯಿ ಬಿಡುತ್ತಾರಾ?"

ಎಲ್ಲರೂ ಡೆರೆಕ್‌ನ ಕಡೆ ತಿರುಗಿದರು. ಅವನು ಗೊಣಗಿದ, ತನ್ನವು ಕುರಿ ಕಂಡರೆ ತಾವೇ ಓಡಿಹೋಗುವ ನಾಯಿಗಳು ಎಂದ. ಕೊನೆಗೆ ಆರು ವಾರ ಹಗ್ಗ ಹಿಡಿದೇ ಒಯ್ಯುತ್ತೇನೆಂದು ಒಪ್ಪಿದ.

ಕಾಗದಪತ್ರಕ್ಕೆ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ನಾನು ಹೆಸರುಬೇಳೆಯ ಉಂಡೆ ಡಬ್ಬಿಗೆ ಹಾಕಿಕೊಂಡು ಜೀನ್‌ಳ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವಳು ಎರಡು ತಿಂದು, "ಶಾಲು ಇನ್ನೂ ಜೋರಾಗಿ ಎಳೆಯಬೇಕಿತ್ತು ನಾನು," ಎಂದಳು. ಕೌಂಟಿಯವರು ಒಡ್ಡು ಹಾಕಿದರು, ಬರೋ ಆಫೀಸಿನವರು ಬಯಲಿಗೆ ಬೇಲಿ ಕಟ್ಟಿದರು. ಕುರಿ ಎಣಿಸಿ ರಾಯ್‌ಗೆ ಮೆಸೇಜ್ ಕಳಿಸಲು ಬೀದಿಯವರು ಪಾಳಿ ಹಾಕಿಕೊಂಡೆವು. ಮಂಗಳವಾರ, ಶುಕ್ರವಾರ ನನ್ನವು.

ಈ ಜನವರಿಯಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ಯಿತು. ಹಳ್ಳ ಬೇಲಿಯವರೆಗೂ ಬರಲಿಲ್ಲ. ಸುನೀತಾ ಇಲ್ಫರ್ಡ್‌ನ ಮಾತು ಎತ್ತಲಿಲ್ಲ. ನನಗೆ ಮಾತ್ರ ಹಗುರೆನಿಸಲಿಲ್ಲ. ಕಾರಿನಲ್ಲಿ ಹೋಗಿ ನೋಡಿದರೆ ಜೀನ್‌ಳ ಹುಲ್ಲುಗಾವಲು ಕೆರೆಯಾಗಿತ್ತು. ಅವಳು ಗೇಟಿಗೆ ಆತುಕೊಂಡು ನಿಂತಿದ್ದಳು. ನನ್ನ ಹಾಸಿಗೆ ಒದ್ದೆಯಾಗದೆ ಉಳಿದದ್ದು ಅವಳ ನೆಲ ನೆನೆದುದರಿಂದ. ನಾನೂ ಅವಳ ಪಕ್ಕದಲ್ಲಿ ಗೇಟಿಗೆ ಆತು ನಿಂತೆ.

ಮಾರ್ಚ್‌ನಲ್ಲಿ ಕುರಿಗಳು ನಮ್ಮ ಬಯಲಿಗೆ ಬಂದವು. ಆಗಲೇ ಧಾರವಾಡದಿಂದ ಅಣ್ಣನ ಮಗನ ಫೋನು. "ಅತ್ತಿ, ಮನಿಗೆ ಯಾವಾಗ ಬರ್ತೀರಿ?"

"ಕುರಿ ತಿರುಗಿ ಹೋಗ್ಲಿ ತಡಿಯಪ್ಪ."

"ಕಾನ್ವೆಂಟ್ ಕಲ್ತು, ಲಂಡನ್‌ಗೆ ಹೋಗಿ, ಈಗ ಕುರಿ ಕಾಯಾಕತ್ತೀರೇನು?"

"ವಾರಕ್ಕ ಎರಡ ದಿನ."

ಮೇ ತಿಂಗಳಲ್ಲಿ ಹೋದೆ. ಒಂದು ಸಂಜೆ ಮುಂಗಾರಿಗೆ ಮುಂಚಿನ ಅಡ್ಡಮಳೆ ಬಂತು. ಮಣ್ಣಿನ ವಾಸನೆಗೆ ಓಣಿಯವರೆಲ್ಲ ಹೊರಗೆ ಬಂದು ನಿಂತರು. ನಾನು ಒಳಗೆ ಹೋಗಿ ಜೀನ್‌ಗೆ ಫೋನ್ ಮಾಡಿದೆ, ಅಲ್ಲಿ ನೀರೆಷ್ಟಿದೆ ಎಂದು.

"ನೀರೆಲ್ಲಿಯದು, ಇಲ್ಲಿ ಬಿಸಿಲು. ಹುಲ್ಲು ಚೆನ್ನಾಗಿ ಬಂದಿದೆ," ಎಂದಳು. ಆಮೇಲೆ ಕೇಳಿದಳು, "ಮನೆಗೆ ಯಾವಾಗ ಬರುತ್ತೀ?"

ಅಣ್ಣನ ಮಗ ಬಾಗಿಲಲ್ಲಿ ನಿಂತು, ಈ ಸಲ ದೀಪಾವಳಿ ತನಕ ಇರುತ್ತೀರಲ್ಲ ಎಂದು ಮೆಲುದನಿಯಲ್ಲಿ ಕೇಳುತ್ತಿದ್ದ. ನಾನು ಅವನಿಗೆ ಹೂಂ ಎಂದು ತಲೆಯಾಡಿಸಿದೆ, ಜೀನ್‌ಗೆ ಬೇಗ ಎಂದೆ. ಎರಡೂ ಮನಸ್ಸಿನಿಂದಲೇ ಹೇಳಿದ್ದು.