ತರನ್ನುಮ್ ತನ್ನನ್ನು ಕೇಳಿಕೊಳ್ಳದ ಪ್ರಶ್ನೆ

ಆರ್.ಟಿ. ನಗರದ ಒಂದು ವೆಬ್ ಹೋಸ್ಟಿಂಗ್ ಕಂಪನಿಯಲ್ಲಿ ತರನ್ನುಮ್ ಒಂಬತ್ತು ವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದಾಳೆ. ಯಾರೋ ಗಾಬರಿಯಲ್ಲಿ ಫೋನ್ ಮಾಡುತ್ತಾರೆ: ನಮ್ಮ ವೆಬ್‌ಸೈಟ್ ನನಗೆ ಸರಿಯಾಗಿಯೇ ತೆರೆಯುತ್ತದೆ, ಗಿರಾಕಿಗಳಿಗೆ ಮಾತ್ರ 'ಸುರಕ್ಷಿತವಲ್ಲ' ಎಂದು ಬರುತ್ತಿದೆ. ಇವಳು ಶಾಂತವಾಗಿ ಕೇಳುತ್ತಾಳೆ, "ಮುಂದೆ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಹಾಕಿ ನೋಡಿದ್ರಾ ಸರ್?" ನೋಡಿರುವುದಿಲ್ಲ. ಒಂದೇ ಸೈಟಿಗೆ ಡಬ್ಲ್ಯೂ ಇರುವ, ಇಲ್ಲದ ಎರಡು ವಿಳಾಸ. ಒಂದಕ್ಕೆ, ಸೈಟು ಸುರಕ್ಷಿತವೆಂದು ಸಾರುವ ಹೊಸ ಸರ್ಟಿಫಿಕೇಟ್ ಬಂದಿರುತ್ತದೆ, ಇನ್ನೊಂದಕ್ಕೆ ಅವಧಿ ಮುಗಿದ ಹಳೆಯದೇ ಅಂಟಿಕೊಂಡಿರುತ್ತದೆ. ಯಾವತ್ತೋ ಕೈಯಾರೆ ಹಾಕಿದ್ದನ್ನು ಸೈಟು ನಡೆಸುವ ಕಂಟ್ರೋಲ್ ಪ್ಯಾನಲ್ ತಾನಾಗಿ ತೆಗೆಯುವುದಿಲ್ಲ. ಹತ್ತು ನಿಮಿಷದ ಕೆಲಸ. ಫೋನಿಟ್ಟ ಮೇಲೆ, ಇಷ್ಟು ನೋಡಿಕೊಳ್ಳಲು ಇವರಿಗೇನು ಧಾಡಿ ಎಂದು ಅವಳು ಗೊಣಗುವುದೂ ಉಂಟು.

ಕಳೆದ ವರ್ಷ ಜೂನ್‌ನಲ್ಲಿ ಅವಳ ಅಬ್ಬಾ ಖಾದರ್ ಬಾಷಾ ಯಲಹಂಕದ ಮನೆಯಿಂದ ಹೊರಟವರು ಮರಳಲಿಲ್ಲ. ಯಶವಂತಪುರದಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿದ ಮನುಷ್ಯ. ಮರೆವು ಎಲ್ಲವನ್ನೂ ಕಿತ್ತುಕೊಂಡರೂ ಅಳತೆಯ ಚಟ ಉಳಿದಿತ್ತು. ಮಂಚ, ಬಾಗಿಲು, ಕಂಡದ್ದನ್ನೆಲ್ಲ ಗೇಣು ಹಾಕಿ ಅಳೆಯುತ್ತಿದ್ದರು. ಠಾಣೆ, ಆಸ್ಪತ್ರೆ, ದರ್ಗಾ ಎಲ್ಲ ಅಲೆದದ್ದಾಯಿತು. ಪೋಸ್ಟರಿನಲ್ಲಿ ಅಮ್ಮಿಯ ಫೋನ್ ನಂಬರ್ ಹಾಕಿದರೆ ಪುಂಡರು ಕರೆ ಮಾಡಿ, ನಿಮ್ಮ ಯಜಮಾನರು ನಮ್ಮ ಹತ್ತಿರ ಇದ್ದಾರೆ ಎಂದು ನಗುತ್ತಿದ್ದರು. ಅಮ್ಮಿ ಊಟ ಬಿಟ್ಟರು. ಆಗ ತರನ್ನುಮ್ ನಂಬರ್ ತೆಗೆಸಿ, ತನ್ನದೇ ಹಳೆಯ ಸೈಟೊಂದರಲ್ಲಿ ಅಬ್ಬಾರ ಫೋಟೋಗಳನ್ನು ಹಾಕಿ, ಕಂಡವರು ಬರೆಯಲು ಜಾಗ ಬಿಟ್ಟಳು. ತಮ್ಮ ಜೀಷಾನ್ ಪೋಸ್ಟರಿನಲ್ಲಿ ಅದರ ವಿಳಾಸ ಮುದ್ರಿಸಿ ಊರೂರಲ್ಲಿ ಅಂಟಿಸಿ ಬಂದ. ಎಂಟು ತಿಂಗಳು ದಿನವೂ ತೆರೆದು ನೋಡಿದಳು. ಒಂದು ಸಂದೇಶವೂ ಇಲ್ಲ. ಜನಕ್ಕೆ ಕರುಳೇ ಇಲ್ಲವೆಂದು ಅವಳಿಗೆ ಸಿಟ್ಟಿತ್ತು.

ಫೆಬ್ರವರಿಯ ಒಂದು ಭಾನುವಾರ ಹೊಸ ಪೋಸ್ಟರ್ ಹಿಡಿದು ರಾಜಾನುಕುಂಟೆಗೆ ಹೋದಳು. ಟೀ ಅಂಗಡಿಯ ದಾಸಪ್ಪ ಅಂಟಿಸಲು ಗೋಡೆ ತೋರಿಸಿದವನು, ಫೋಟೋ ಕಂಡು ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ಇವ್ರೇ ಕಣಮ್ಮ. ಮಳೆಗಾಲದಲ್ಲಿ ನಾಕು ದಿನ ಈ ಬೆಂಚಲ್ಲೇ ಇದ್ರು. ಗೇಣಾಕಿ ಅಳೀತಾ ಕೂತಿರೋರು."

ಹಳೆಯ ಪೋಸ್ಟರಿನಲ್ಲಿ ಮುಖ ಮಳೆಗೆ ಕಲಸಿಹೋಗಿತ್ತು. ಅವರೋ ಅಲ್ಲವೋ ನೋಡೋಣವೆಂದು ತನ್ನ ಫೋನಿನಲ್ಲಿ ವಿಳಾಸ ಒತ್ತಿದ್ದನಂತೆ. ಕಳ್ಳರು ನಿಮ್ಮ ಮಾಹಿತಿ ಕದಿಯಬಹುದು ಎಂದು ಫೋನ್ ಹೆದರಿಸಿತಂತೆ. ಮೂರು ಸಲ ಒತ್ತಿ ಬಿಟ್ಟುಬಿಟ್ಟ. ಐದನೆಯ ದಿನ ಅವರು ದೊಡ್ಡಬಳ್ಳಾಪುರದ ಬಸ್ಸು ಹತ್ತಿ ಹೋದರು.

ತರನ್ನುಮ್ ಕೈಯಲ್ಲಿದ್ದ ಪೋಸ್ಟರ್ ನೋಡಿದಳು. ವಿಳಾಸದ ಮುಂದೆ ಜೀಷಾನ್ ಹಾಕಿಸಿದ ಮೂರು ಡಬ್ಲ್ಯೂ. ಅವಳು ದಿನವೂ ತೆರೆಯುತ್ತಿದ್ದದ್ದು ಅದಿಲ್ಲದ ವಿಳಾಸ. ಸಾವಿರ ಜನರನ್ನು ಕೇಳಿದ ಪ್ರಶ್ನೆಯನ್ನು ತನ್ನನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅದೇ ಬೆಂಚಿನ ಮೇಲೆ ಕುಳಿತು ಫೋನಿನಲ್ಲೇ ಹಳೆಯ ಸರ್ಟಿಫಿಕೇಟ್ ಅಳಿಸಿ, ಎರಡೂ ವಿಳಾಸಕ್ಕೆ ಹೊಸದು ಹಾಕಿದಳು. ಹತ್ತೇ ನಿಮಿಷ. ಅಳುತ್ತಲೇ ಮಾಡಿದಳು. ದಾಸಪ್ಪ ಟೀ ತಂದಿಟ್ಟ.

"ಈಗ ಒತ್ತಿ ನೋಡಿ ಅಣ್ಣ," ಎಂದಳು.

ತೆರೆಯಿತು. ಅಬ್ಬಾ ನಗುತ್ತಿದ್ದರು. ದಾಸಪ್ಪ ಕನ್ನಡಕ ಏರಿಸಿಕೊಂಡು, ಬರೆಯಲು ಬಿಟ್ಟ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿದ. ತರನ್ನುಮ್ ಕೈಯಲ್ಲಿದ್ದ ಫೋನ್ ಸದ್ದು ಮಾಡಿತು. ಎಂಟು ತಿಂಗಳಲ್ಲಿ ಮೊದಲ ಸಂದೇಶ:

"ನಾಕು ದಿನ ಇಲ್ಲೇ ಇದ್ರು. ಮಗಳು ಬತ್ತಾಳೆ ಅಂತಿದ್ರು."